ಮೂರು ಕೂಗಿನ ಪುಟ: ಅಮ್ಮಂದಿರು ತಮಗಾಗಿ ಬರೆದುಕೊಳ್ಳುವ ಬಗೆ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಕ್ಕೆ ಅಡ್ಡಗೆರೆ, ಸಿಲಿಂಡರ್ ಬದಲಿಸಿದ ದಿನಕ್ಕೆ ಸೊನ್ನೆ, ಚಿಕ್ಕವನ ಲಸಿಕೆಯ ದಿನಕ್ಕೆ ಕೆಂಪು ಸುತ್ತು ಇರುತ್ತದೆ. ಮೂಲೆಯಲ್ಲಿ ಹೂವಿನವರಿಗೆ ಕೊಡಬೇಕಾದ ಬಾಕಿ. ಹತ್ತು ವರ್ಷದಿಂದ ದಿನವೂ ಏನಾದರೊಂದು ಬರೆಯುತ್ತಲೇ ಬಂದಿದ್ದೇನೆ. ಆದರೂ ಯಾರಾದರೂ ಡೈರಿ ಬರೆಯುತ್ತೀರಾ ಎಂದು ಕೇಳಿದರೆ "ಅಯ್ಯೋ, ಅದಕ್ಕೆಲ್ಲ ಪುರುಸೊತ್ತೆಲ್ಲಿ" ಎನ್ನುತ್ತಿದ್ದೆ. ಒಮ್ಮೆ ಹಳೆಯ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕುವ ಮುನ್ನ ತಿರುವಿ ನೋಡಿದೆ. ಹಾಲು, ಗ್ಯಾಸು, ಮಕ್ಕಳ ಜ್ವರ, ಮಾವನವರ ಸಕ್ಕರೆ ಪರೀಕ್ಷೆ ಎಲ್ಲದಕ್ಕೂ ಲೆಕ್ಕವಿತ್ತು. ನನ್ನ ಬಗ್ಗೆ ಒಂದು ಗೀಟೂ ಇರಲಿಲ್ಲ.

ತಾಯಿ ಕಾರ್ಡನ್ನೇ ನೋಡಿ. ಹೆರಿಗೆಯ ತನಕ ನಮ್ಮ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಬರೆಸುತ್ತೇವೆ. ಆಮೇಲೆ ನಾವು ಮತ್ತೆ ಮತ್ತೆ ತೆರೆಯುವುದು ಮಗುವಿನ ಪುಟಗಳನ್ನು: ಆರು ವಾರದ ಚುಚ್ಚುಮದ್ದು, ಹತ್ತು ವಾರದ್ದು, ಹದಿನಾಲ್ಕು ವಾರದ್ದು. ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಖಾತೆಯೇ ಇಲ್ಲದವರ ಹೆಸರಿಗೆ ಜಮೆಯನ್ನೂ ಬರೆಯಲಾಗದು, ಖರ್ಚನ್ನೂ ಬರೆಯಲಾಗದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಈ ಲೇಖನ ಆ ಖಾತೆಯನ್ನು ತೆರೆಯುವ ಬಗ್ಗೆ. ನಾನು ಬಿದ್ದು ಎದ್ದು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಇದೇನು ಹೊಸ ಕಾಲದ ಚಾಳಿ ಎಂದು ಮನೆಯಲ್ಲಿ ಯಾರಾದರೂ ಹುಬ್ಬೇರಿಸಿದರೆ ಬೀಸುವ ಕಲ್ಲನ್ನು ನೆನಪಿಸಿ. ನಮ್ಮ ಅಜ್ಜಿಯರ ಅಜ್ಜಿಯರು ಬರೆಯಲಿಲ್ಲ, ಹಾಗೆಂದು ಸುಮ್ಮನೆಯೂ ಇರಲಿಲ್ಲ. ಬೆಳಗಿನ ಜಾವ ಕಲ್ಲಿನ ಮುಂದೆ ಕುಳಿತು ತವರು, ಅತ್ತೆ, ನಾದಿನಿ, ತೊಟ್ಟಿಲ ಕೂಸು ಎಲ್ಲವನ್ನೂ ತ್ರಿಪದಿಯಲ್ಲಿ ಹಾಡಿಕೊಂಡರು. ಹಲಸಂಗಿ ಎಂಬ ಹಳ್ಳಿಯ ಸಾಹಿತ್ಯಪ್ರಿಯ ಗೆಳೆಯರ ಗುಂಪಿನವರು ಅವನ್ನು ಸಂಗ್ರಹಿಸಿ 1931ರಲ್ಲಿ ಅಚ್ಚು ಹಾಕಿಸಿದರು. ಮನೆಯವರೆದುರು ಆಡಲಾಗದ ಮಾತು ಕಲ್ಲಿನ ಸದ್ದಿನ ಮರೆಯಲ್ಲಿ ಹೊರಬರುತ್ತಿತ್ತು. ಮಿಕ್ಸಿಗೂ ಸದ್ದಿದೆ ನಿಜ, ಆದರೆ ಎರಡು ನಿಮಿಷಕ್ಕೆ ಚಟ್ನಿ ಆಗಿಬಿಡುತ್ತದೆ.

ಮೊದಲು ಪುಸ್ತಕ

ಚೆಂದದ ಡೈರಿ ಕೊಳ್ಳಬೇಡಿ. ಬ್ಯಾಂಕಿನವರು ಕೊಟ್ಟ ದಪ್ಪ ರಟ್ಟಿನ ಡೈರಿಯಲ್ಲಿ ನಾನು ಮೂರು ಸಲ ಶುರು ಮಾಡಿದ್ದೇನೆ, ಮೂರು ಸಲವೂ ಜನವರಿ ಹತ್ತು ದಾಟಿಲ್ಲ. ಅದರಲ್ಲಿ ತಾರೀಕು ಅಚ್ಚಾಗಿರುತ್ತದೆ. ನಾಲ್ಕು ದಿನ ಬಿಟ್ಟರೆ ನಾಲ್ಕು ಖಾಲಿ ಪುಟಗಳು ನಮ್ಮನ್ನು ದುರುಗುಟ್ಟಿ ನೋಡುತ್ತವೆ. ತಪ್ಪಿತಸ್ಥರಂತೆ ನಿಲ್ಲಲು ಅಮ್ಮಂದಿರಿಗೆ ಬೇರೆ ಜಾಗಗಳು ಬೇಕಾದಷ್ಟಿವೆ.

ನನಗೆ ಒದಗಿದ್ದು ಮಗಳ ಹಳೆಯ ನೋಟ್‌ಬುಕ್. ಮಾರ್ಚ್ ತಿಂಗಳಲ್ಲಿ ಪ್ರತಿ ಮನೆಯಲ್ಲೂ ಅರ್ಧ ಖಾಲಿ ಇರುವ ಪುಸ್ತಕಗಳು ಐದಾರಾದರೂ ಸಿಗುತ್ತವೆ. ಹಿಂದಿನಿಂದ ತಿರುಗಿಸಿ ಬರೆಯಲು ಶುರು ಮಾಡಿ. ಅಂದವಾಗಿ ಬರೆಯಬೇಕೆಂಬ ಭಯ ಅದರಲ್ಲಿ ಇರುವುದಿಲ್ಲ. ಮುಂದಿನಿಂದ ತೆರೆದವರಿಗೆ ಕಾಣುವುದು ನಾಲ್ಕನೆಯ ತರಗತಿಯ ಭಾಗಾಕಾರ. ಇದರ ಅನುಕೂಲ ಮುಂದೆ ಗೊತ್ತಾಗುತ್ತದೆ. ತಾರೀಕನ್ನು ನೀವೇ ಬರೆಯಿರಿ, ಜೊತೆಗೆ ವಾರವನ್ನೂ. ಸೋಮವಾರವೋ ಗುರುವಾರವೋ ಎಂಬುದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಹೊತ್ತು

ಬೆಳಿಗ್ಗೆ ಐದಕ್ಕೆ ಎದ್ದು ಬರೆಯಿರಿ ಎಂದು ಸಲಹೆ ಕೊಡುವವರು ಬೆಳಿಗ್ಗೆ ಐದಕ್ಕೆ ಇಡ್ಲಿ ತಟ್ಟೆಗೆ ಎಣ್ಣೆ ಸವರಿದವರಲ್ಲ. ರಾತ್ರಿ ಬರೆಯೋಣವೆಂದರೆ ಮಗುವನ್ನು ಮಲಗಿಸುತ್ತಾ ನಾವೇ ಮಲಗಿಬಿಡುತ್ತೇವೆ. ಹಾಗಾಗಿ ಹೊಸ ಹೊತ್ತನ್ನು ಹುಡುಕುವುದು ಬೇಡ, ಆಗಲೇ ಕಾಯುತ್ತಿರುವ ಹೊತ್ತನ್ನು ಬಳಸಿಕೊಳ್ಳಿ. ನನಗದು ಬೇಳೆ ಬೇಯುವ ಹೊತ್ತು. ಕುಕ್ಕರ್ ಏರಿಸಿದ ಮೇಲೆ ಮೂರು ಕೂಗು ಮುಗಿಯುವ ತನಕ ಹತ್ತು ಹನ್ನೆರಡು ನಿಮಿಷ ಸಿಗುತ್ತದೆ. ಮೂರನೆಯ ಕೂಗಿಗೆ ವಾಕ್ಯ ಅರ್ಧದಲ್ಲಿದ್ದರೂ ಪುಸ್ತಕ ಮುಚ್ಚುತ್ತೇನೆ. ಅರ್ಧ ವಾಕ್ಯ ಬಿಟ್ಟು ಎದ್ದರೆ ಮರುದಿನ ಶುರು ಮಾಡುವುದು ಸುಲಭ. ಇದು ನನಗೆ ಅಚ್ಚರಿ ಕೊಟ್ಟ ಸಂಗತಿ. ಟ್ಯೂಷನ್ ಮನೆಯ ಎದುರು ಸ್ಕೂಟರ್ ಮೇಲೆ ಕುಳಿತು ಬರೆಯುವವರಿದ್ದಾರೆ, ಶಾಲೆಯ ಬಸ್ಸು ಹೊರಟ ಮೇಲೆ ಮೆಟ್ಟಿಲ ಮೇಲೆ ಕುಳಿತು ಬರೆಯುವವರಿದ್ದಾರೆ.

ಎಳೆಗೂಸು ಇರುವವರಿಗೆ ಕೈಯೇ ಬಿಡುವಿರುವುದಿಲ್ಲ. ಜೊತೆಗೆ ಬಾಣಂತಿ ಓದಬಾರದು, ಬರೆಯಬಾರದು, ಕಣ್ಣಿಗೆ ಆಯಾಸ ಎಂಬ ಹಿರಿಯರ ಕಟ್ಟಪ್ಪಣೆ ಬೇರೆ. ಅವರೊಡನೆ ಜಗಳಕ್ಕೆ ನಿಲ್ಲುವಷ್ಟು ಶಕ್ತಿ ಆಗ ಇರುವುದೂ ಇಲ್ಲ. ಹಾಲು ಕುಡಿಸುತ್ತಾ ಫೋನಿಗೆ ಎರಡು ಮಾತು ಹೇಳಿ ಮುದ್ರಿಸಿಕೊಳ್ಳಿ. ಕನ್ನಡದಲ್ಲಿ ಹೇಳಿದ್ದನ್ನು ಅಕ್ಷರವಾಗಿಸುವ ಸೌಲಭ್ಯವೂ ಈಗ ಫೋನಿನ ಕೀಲಿಮಣೆಯಲ್ಲೇ ಇದೆ. ತಪ್ಪುತಪ್ಪಾಗಿ ಬಂದರೂ ಪರವಾಗಿಲ್ಲ, ಓದುವವರು ನೀವೊಬ್ಬರೇ.

ಮೊದಲ ವಾರ: "ನನಗೆ" ಇರುವ ಒಂದು ವಾಕ್ಯ

ಮೊದಲ ದಿನ ನಾನು ಬರೆದದ್ದು ಹೀಗಿತ್ತು: "ಚಿಕ್ಕವನಿಗೆ ಕೆಮ್ಮು. ಇವರು ತಡವಾಗಿ ಬಂದರು. ನಾಳೆ ಮಗಳ ಪರೀಕ್ಷೆ." ಮತ್ತೆ ಕ್ಯಾಲೆಂಡರೇ! ಪುಟದಲ್ಲಿ ಎಲ್ಲರೂ ಇದ್ದರು, ನಾನಿರಲಿಲ್ಲ. ಕನ್ನಡದಲ್ಲಿ "ನಾನು" ಎನ್ನದೆಯೇ ವಾಕ್ಯಗಳನ್ನು ಸಾಗಿಸಬಹುದು. ಆ ಸೌಕರ್ಯ ನಮ್ಮಂಥವರಿಗೆ ಅಡಗಿಕೊಳ್ಳುವ ಜಾಗವೂ ಹೌದು.

ಆದ್ದರಿಂದ ಮೊದಲ ಏಳು ದಿನಕ್ಕೆ ಒಂದೇ ನಿಯಮ. ಏನಾದರೂ ಬರೆಯಿರಿ, ಆದರೆ ಅದರಲ್ಲಿ "ನನಗೆ" ಎಂಬ ಪದವಿರುವ ಒಂದು ವಾಕ್ಯವಾದರೂ ಇರಲಿ. "ಚಿಕ್ಕವನಿಗೆ ಕೆಮ್ಮು. ರಾತ್ರಿ ಮೂರು ಸಲ ಎದ್ದೆ. ಮೂರನೆಯ ಸಲ ನನಗೆ ಅವನ ಮೇಲೆಯೇ ಸಿಟ್ಟು ಬಂತು." ಸಿಟ್ಟು ಬರುವುದು ನನಗೆ, ಬೇಸರವಾಗುವುದು ನನಗೆ, ಹಸಿವಾಗುವುದು ನನಗೆ. ನಮ್ಮ ಭಾಷೆಯಲ್ಲಿ ಭಾವನೆಗಳು ನಾವು ಮಾಡುವ ಕೆಲಸಗಳಲ್ಲ, ನಮ್ಮ ಬಳಿಗೆ ಬರುವ ನೆಂಟರು. ಬಂದವರು ಯಾರೆಂದು ಬರೆದಿಡುವುದರಲ್ಲಿ ತಪ್ಪೇನು? ಕೆಮ್ಮುವ ಮಗುವಿನ ಮೇಲೆ ಸಿಟ್ಟು ಬಂದ ತಾಯಿ ಕೆಟ್ಟವಳು ಎಂಬ ತೀರ್ಪನ್ನು ಮಾತ್ರ ಪುಟದಲ್ಲಿ ಬರೆಯಬೇಡಿ. ಸಿಟ್ಟು ಬಂತು, ಚುಕ್ಕಿ ಇಡಿ, ಮುಂದಕ್ಕೆ ಹೋಗಿ.

ಎರಡನೆಯ ವಾರ: "ಬೇಜಾರು" ಎಂಬ ಪದಕ್ಕೆ ರಜೆ

ನನ್ನ ಮೊದಲ ವಾರದ ಏಳು ಪುಟಗಳಲ್ಲಿ "ಬೇಜಾರು" ಹನ್ನೊಂದು ಸಲ ಬಂದಿತ್ತು. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೂ ಅದೇ, ಅಪ್ಪನ ಶ್ರಾದ್ಧಕ್ಕೆ ಹೋಗಲಾಗದ್ದಕ್ಕೂ ಅದೇ. ಎಲ್ಲ ಸಾಮಾನನ್ನೂ ಒಂದೇ ಡಬ್ಬಿಗೆ ಸುರಿದರೆ ಅಡುಗೆ ಹೇಗಾದೀತು?

ಎರಡನೆಯ ವಾರ ಆ ಪದವನ್ನು ಬಳಸುವಂತಿಲ್ಲ. ಬೇರೆ ಪದ ಹುಡುಕಬೇಕು. ದಣಿವೇ, ಕಿರಿಕಿರಿಯೇ, ರೋಸಿಹೋದದ್ದೇ? ಅತ್ತೆಯ ಮಾತಿಗೆ ಆದದ್ದು ಅವಮಾನವೇ ಮುನಿಸೇ? ಮುನಿಸಿನಲ್ಲಿ ಯಾರಾದರೂ ಬಂದು ಸಮಾಧಾನ ಮಾಡಲಿ ಎಂಬ ಆಸೆ ಒಳಗೇ ಇರುತ್ತದೆ, ಅವಮಾನದಲ್ಲಿ ಅದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯದು ಕಳವಳ. ಕಾರಣ ತಿಳಿಯದೆ ಹೊಟ್ಟೆಯಲ್ಲಿ ಆಡುವುದು ತಳಮಳ. ಹೇಳಬಾರದಿತ್ತು, ಹೇಳಿಬಿಟ್ಟೆ ಎಂದು ಮಧ್ಯಾಹ್ನವಿಡೀ ಕೊರೆಯುವುದು ಹಳಹಳಿ. ಕೆಲಸಕ್ಕೆ ಮರಳಿದ ಗೆಳತಿಯ ಫೋಟೊ ನೋಡಿದಾಗ ಆದದ್ದು ಹೊಟ್ಟೆಕಿಚ್ಚು. ಅದನ್ನು ಹಾಗೆಯೇ ಬರೆದ ದಿನ ನನಗೆ ನಗು ಬಂತು, ಅರ್ಧ ಕಿಚ್ಚು ಅಲ್ಲೇ ಆರಿತು. ಒಳ್ಳೆಯ ಬದಿಯ ಪದಗಳೂ ಇವೆ: ಹಗುರ, ನಿರಾಳ, ಹುರುಪು, ಹಿಗ್ಗು. ನಿಮ್ಮ ಊರಿನ, ನಿಮ್ಮ ತವರಿನ ಪದ ನೆನಪಾದರೆ ಅದನ್ನೇ ಬರೆಯಿರಿ. ನನ್ನ ಅಜ್ಜಿ ಬಳಸುತ್ತಿದ್ದ ಎರಡು ಪದಗಳು ಮೂವತ್ತು ವರ್ಷದ ನಂತರ ಈ ವಾರದಲ್ಲೇ ನನ್ನ ಪೆನ್ನಿಗೆ ಬಂದವು.

ಇದು ಬರಿಯ ಪದಗಳ ಆಟವಲ್ಲ. ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖಭಾವದ ಚಿತ್ರಗಳನ್ನು ನೋಡುತ್ತಾ ಆ ಭಾವನೆಗೆ ಹೆಸರಿಟ್ಟವರ ಮಿದುಳಿನಲ್ಲಿ ಭಯ, ಆತಂಕಗಳಿಗೆ ಮಿಡಿಯುವ ಅಮಿಗ್ಡಲದ ಚಟುವಟಿಕೆ ಕಡಿಮೆಯಾಗಿತ್ತು.

ಒಂದು ದಿನದ ಲೆಕ್ಕ, ನಾಲ್ಕರಿಂದ ನಾಲ್ಕಕ್ಕೆ

ಇದು ನನಗೆ ಅತ್ಯಂತ ಇಷ್ಟವಾದ ಹಂತ. ಲೆಕ್ಕದವಳು ತಾನೆ! ಭಾರತ ಸರ್ಕಾರದ ಅಂಕಿಅಂಶ ಇಲಾಖೆ ಜನರ ಸಮಯದ ಬಳಕೆಯನ್ನು ಸಮೀಕ್ಷೆ ಮಾಡುತ್ತದೆ. ಬೆಳಿಗ್ಗೆ ನಾಲ್ಕರಿಂದ ಮರುದಿನ ಬೆಳಿಗ್ಗೆ ನಾಲ್ಕರ ತನಕ, ಅರ್ಧ ಅರ್ಧ ಗಂಟೆಯ ಕಂಡಿಗಳಲ್ಲಿ ಯಾರು ಏನು ಮಾಡಿದರು ಎಂದು ದಾಖಲಿಸುತ್ತಾರೆ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ.

ಅದೇ ವಿಧಾನವನ್ನು ಒಂದು ದಿನದ ಮಟ್ಟಿಗೆ ನಿಮ್ಮ ಪುಸ್ತಕದಲ್ಲಿ ಮಾಡಿ. ಎಡಕ್ಕೆ 48 ಸಾಲುಗಳು, ಅರ್ಧ ಗಂಟೆಗೆ ಒಂದರಂತೆ. ಬಲಕ್ಕೆ ಮಾಡಿದ ಕೆಲಸ. ಹಬ್ಬದ ದಿನ ಬೇಡ, ನೆಂಟರು ಬಂದ ದಿನ ಬೇಡ, ಸಾಧಾರಣವಾದ ಒಂದು ಬುಧವಾರ ಸಾಕು. ಒಂದು ಸೇರ್ಪಡೆ ನನ್ನದು: ಕೈ ಮಾಡಿದ ಕೆಲಸದ ಪಕ್ಕದಲ್ಲಿ ತಲೆಯಲ್ಲಿ ಓಡುತ್ತಿದ್ದುದನ್ನೂ ಬರೆಯಿರಿ. "7.30: ಜಡೆ ಹಾಕಿದೆ. ತಲೆಯಲ್ಲಿ: ಶೂ ತೊಳೆದಿಲ್ಲ, ಶುಲ್ಕದ ಕೊನೆಯ ದಿನ, ದೋಸೆ ಹಿಟ್ಟು ಇವತ್ತಿಗೆ ಸಾಕೇ." ನನ್ನ ಪುಟದಲ್ಲಿ ಬಲಬದಿಯ ಆ ಎರಡನೆಯ ಸಾಲು ಖಾಲಿ ಇದ್ದ ಜಾಗ ಒಂದೇ ಒಂದು, ಅದು ಸ್ನಾನದ ಹೊತ್ತು.

ಈ ಪುಟವನ್ನು ಬೇಕಿದ್ದರೆ ಗಂಡನಿಗೆ ತೋರಿಸಬಹುದು. ನಾನು ತೋರಿಸಿದೆ. ವರ್ಷಗಳ ವಾಗ್ವಾದ ಮಾಡದ ಕೆಲಸವನ್ನು ಆ ಕಾಗದ ಮಾಡಿತು ಎಂದು ಹೇಳುವ ಆಸೆಯಿದೆ, ಆದರೆ ಅವರು ಮೊದಲು ಹೇಳಿದ್ದು "ಇಷ್ಟೆಲ್ಲ ಬರೆಯುವುದಕ್ಕೆ ಸಮಯ ಎಲ್ಲಿತ್ತು?" ಎಂದು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು ಶೂ ತೊಳೆದಿದ್ದರು.

ಭಾರವಾದದ್ದನ್ನು ಬರೆಯುವಾಗ

ಎರಡು ಮೂರು ತಿಂಗಳು ಸಣ್ಣಪುಟ್ಟದ್ದನ್ನು ಬರೆದು ಕೈ ಪಳಗಿದ ಮೇಲೆ ದೊಡ್ಡದೊಂದು ತಾನಾಗಿ ಮೇಲೆ ಬರುತ್ತದೆ: ಕಷ್ಟದ ಹೆರಿಗೆ, ಉಳಿಯದ ಗರ್ಭ, ಬಿಟ್ಟುಬಂದ ಕೆಲಸ, ಸತ್ತ ತಾಯಿ. ಇದಕ್ಕೆ ಒಂದು ಪರೀಕ್ಷಿತ ಕ್ರಮವಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್, ಸ್ಯಾಂಡ್ರಾ ಬೀಲ್ ಜೊತೆಗೂಡಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಘಟನೆಯನ್ನೂ ಅದರ ಬಗ್ಗೆ ತಮಗನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ನಂತರ ನಡೆದ ಅನೇಕ ಪ್ರಯೋಗಗಳಲ್ಲಿ ಸರಾಸರಿ ಲಾಭ ಸಣ್ಣದೇ. ಸಂಜೀವಿನಿ ಎಂದುಕೊಂಡು ಕೂರಬೇಡಿ.

ಮಾಡುವುದಾದರೆ ಹೀಗೆ ಮಾಡಿ. ನಾಲ್ಕೂ ದಿನ ಒಂದೇ ವಿಷಯ. ಬರೆದಾದ ಮೇಲೆ ಅರ್ಧ ಗಂಟೆ ಯಾರೂ ನಿಮ್ಮನ್ನು ಕೇಳದ ಹೊತ್ತನ್ನು ಆರಿಸಿಕೊಳ್ಳಿ, ಏಕೆಂದರೆ ಅತ್ತ ಕಣ್ಣಿನಲ್ಲಿ ನೇರವಾಗಿ ಹೋಮ್‌ವರ್ಕ್ ಮಾಡಿಸಲು ಕೂತರೆ ಮಕ್ಕಳಿಗೆ ಬೈಗುಳ ಖಚಿತ. ಮೊದಲೆರಡು ದಿನ ನಡೆದದ್ದನ್ನು ನಡೆದಂತೆ ಬರೆಯಿರಿ. ಮೂರನೆಯ ದಿನ "ನಾನು" ಎಂಬ ಜಾಗದಲ್ಲಿ "ಅವಳು" ಎಂದು ಬರೆದು ನೋಡಿ. ಅವಳ ಬಗ್ಗೆ ಕರುಣೆ ಹುಟ್ಟುವುದು ಸುಲಭ. ನಾಲ್ಕನೆಯ ದಿನ "ಏಕೆಂದರೆ", "ಈಗ ಗೊತ್ತಾಗುತ್ತಿದೆ" ಎಂಬ ಪದಗಳನ್ನು ಬೇಕೆಂದೇ ತನ್ನಿ. ಇಂಥ ಪದಗಳು ದಿನದಿಂದ ದಿನಕ್ಕೆ ಹೆಚ್ಚಾದವರಿಗೆ ಬರವಣಿಗೆಯಿಂದ ಹೆಚ್ಚು ಉಪಯೋಗವಾಯಿತು ಎಂಬುದನ್ನು ಪೆನ್ನೆಬೇಕರ್ ಮುಂದೆ ಗಮನಿಸಿದರು. ಅದೇ ಗಾಯವನ್ನು ಅದೇ ಮಾತಿನಲ್ಲಿ ಐದನೆಯ ದಿನವೂ ಕೆರೆಯುತ್ತಿದ್ದೀರಿ ಎನ್ನಿಸಿದರೆ ನಿಲ್ಲಿಸಿ. ಅದನ್ನು ಬರೆಯುವುದಕ್ಕಿಂತ ಒಬ್ಬರ ಬಳಿ ಆಡುವುದು ಒಳ್ಳೆಯದು.

ಎಳೆಬಾಣಂತಿಯರಿಗೆ ಈ ನಾಲ್ಕು ದಿನದ ಕಸರತ್ತು ಬೇಡವೇ ಬೇಡ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ, ಪುಟಗಳ ತುಂಬ "ಏನೂ ಬೇಡ", "ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ", "ನಾನಿಲ್ಲದಿದ್ದರೇ ಚೆನ್ನ" ಎಂಬ ಮಾತುಗಳೇ ಬರುತ್ತಿದ್ದರೆ ಆ ಪುಸ್ತಕವನ್ನು ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ; ಕೊನೆಯ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಹಿಂದಿನ ಏಳು ದಿನ ಹೇಗಿದ್ದಿರಿ ಎಂದು ಅದು ಕೇಳುತ್ತದೆ, ಕನ್ನಡದಲ್ಲೂ ಬಳಕೆಯಲ್ಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಹಳ್ಳಿಯಲ್ಲಿ ಬಾಣಂತಿ ಸನ್ನಿ ಎನ್ನುವ ಸ್ಥಿತಿ, ಅಂದರೆ ನಿದ್ದೆಯೇ ಇಲ್ಲದೆ, ಇಲ್ಲದ್ದು ಕಂಡಂತೆ ಕೇಳಿದಂತೆ ಆಗುವುದು, ತಾಯತಕ್ಕೆ ಕಾಯುವ ಸಂಗತಿಯಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೃತಜ್ಞತೆಯ ಪಟ್ಟಿ ಬರೆಯಿರಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ನನಗೆ ಅದು ಒಗ್ಗಲಿಲ್ಲ. ದಿನವೂ "ಒಳ್ಳೆಯ ಗಂಡ, ಆರೋಗ್ಯವಂತ ಮಕ್ಕಳು" ಎಂದು ಬರೆಯುತ್ತಾ ಹೋದರೆ ಅದು ಸಂಧ್ಯಾವಂದನೆಯಂತೆ ಬಾಯಿಪಾಠವಾಗುತ್ತದೆ, ಮೇಲಾಗಿ ಇಷ್ಟೆಲ್ಲ ಇದ್ದೂ ಗೊಣಗುತ್ತೀಯಲ್ಲ ಎಂದು ನಮ್ಮನ್ನೇ ಬೈಯುತ್ತದೆ. ಎಮ್ಮನ್ಸ್ ಮತ್ತು ಮಕಲಾ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಗುಂಪು ಬರೆದದ್ದು ವಾರಕ್ಕೊಮ್ಮೆ ಮಾತ್ರ. ನಾನೂ ಭಾನುವಾರ ಒಂದನ್ನು ಬರೆಯುತ್ತೇನೆ. ಅದು ಸಣ್ಣದಿರಬೇಕು, ಆ ವಾರದ್ದೇ ಆಗಿರಬೇಕು: "ಪಕ್ಕದ ಮನೆಯವರು ಕೆಸುವಿನ ಎಲೆ ಕೊಟ್ಟರು. ಪತ್ರೊಡೆ ಮಾಡುವ ಶ್ರಮ ನನ್ನದೇ, ಆದರೂ."

ಯಾರಾದರೂ ಓದಿಬಿಟ್ಟರೆ?

ಡೈರಿ ಬರೆಯದಿರಲು ಹೆಂಗಸರು ಹೇಳುವ ಕಾರಣ ಪುರುಸೊತ್ತು. ಹೇಳದ ಕಾರಣ ಇದು. ಬೀಗ ಹಾಕುವ ಕಪಾಟು ಎಷ್ಟು ಜನರಿಗಿದೆ? ಬೀಗ ಹಾಕಿದರೆ ಅದೇ ಒಂದು ಪ್ರಶ್ನೆಯಾಗುತ್ತದೆ. ಭಾಗಾಕಾರದ ಪುಸ್ತಕದ ಹಿಂಬದಿ ಇಲ್ಲಿ ಕಾಪಾಡುತ್ತದೆ. ಉದ್ದಿನಬೇಳೆಯ ಡಬ್ಬಿಯ ಹಿಂದಿನ ಜಾಗವೂ ಭದ್ರವೇ, ಅತ್ತೆಯವರು ಅಡುಗೆಮನೆಗೆ ಬರುವ ಮನೆಯಾದರೆ ಮಾತ್ರ ಅಲ್ಲ. ಫೋನಿನಲ್ಲಿ ಬರೆಯುವವರು ಒಂದು ವಿಷಯ ಪರೀಕ್ಷಿಸಿ: ಅದೇ ಖಾತೆ ಮಕ್ಕಳ ಟ್ಯಾಬ್‌ನಲ್ಲೋ ಮನೆಯ ಕಂಪ್ಯೂಟರಿನಲ್ಲೋ ತೆರೆದಿದ್ದರೆ ನಿಮ್ಮ ಟಿಪ್ಪಣಿಗಳು ಅಲ್ಲಿಯೂ ಕಾಣುತ್ತವೆ.

ಏನೂ ಭದ್ರವಿಲ್ಲ ಎನ್ನಿಸುವ ಮನೆಯಲ್ಲಿ, ಅದರಲ್ಲೂ ಕೈ ಎತ್ತುವವರಿರುವ ಮನೆಯಲ್ಲಿ, ಬರೆದು ಹರಿದುಬಿಡಿ. ಉಪಯೋಗ ಆಗುವುದು ಬರೆಯುವಾಗ. ಇಟ್ಟುಕೊಳ್ಳುವುದು ಎರಡನೆಯ ಮಾತು. ತವರಿನಲ್ಲಿ ನಮಗೆ ಬಚ್ಚಲ ಒಲೆಯಿತ್ತು. ಹಂಡೆಯ ಕೆಳಗೆ ಅಡಿಕೆಯ ಹಾಳೆ, ತೆಂಗಿನ ಸಿಪ್ಪೆಯ ಜೊತೆ ನನ್ನ ಹರೆಯದ ಎಷ್ಟೋ ಕಾಗದಗಳು ಉರಿದು ಮನೆಮಂದಿಯ ಸ್ನಾನಕ್ಕೆ ನೀರು ಕಾಯಿಸಿವೆ. ಈಗ ಒದ್ದೆ ಮಾಡಿ ಹಿಂಡಿದರೆ ಸಾಕು, ಶಾಯಿ ಹರಡಿ ಏನೂ ಉಳಿಯುವುದಿಲ್ಲ. ಬಾಲ್ ಪೆನ್ನಿನಲ್ಲಿ ಬರೆದದ್ದಾದರೆ ಹರಿದು ಹಾಕಲೇಬೇಕು.

ತಿಂಗಳ ಕೊನೆಗೆ

ತಿಂಗಳಿಗೊಮ್ಮೆ ಪೆನ್ಸಿಲ್ ಹಿಡಿದು ತಿರುಗಿ ಓದಿ. ಬರಹ ಹೇಗಿದೆ ಎಂದು ನೋಡಲು ಅಲ್ಲ, ಆಡಿಟ್ ಮಾಡುವವರಂತೆ, ಮತ್ತೆ ಮತ್ತೆ ಬರುವುದನ್ನು ಹುಡುಕಲು. ಸಿಟ್ಟಿಗೆ ಒಂದು ಗುರುತು, ಅಳುವಿಗೆ ಒಂದು, ನಿದ್ದೆ ಕೆಟ್ಟ ರಾತ್ರಿಗೆ ಒಂದು, ಮುಟ್ಟಿನ ದಿನಕ್ಕೆ ಒಂದು. ಆಮೇಲೆ ವಾರದ ಹೆಸರು ನೋಡಿ.

ನಾನು ಮಕ್ಕಳ ಮೇಲೆ ಕೂಗಾಡಿದ ದಿನಗಳನ್ನು ಗುರುತಿಸಿದಾಗ ಅವು ಹೆಚ್ಚುಕಡಿಮೆ ದಿನ ಬಿಟ್ಟು ದಿನ ಬರುತ್ತಿದ್ದವು. ಮುಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ, ಪರೀಕ್ಷೆಗೂ ಇರಲಿಲ್ಲ. ಎರಡು ಸಂಜೆ ಆ ಪಟ್ಟಿಯನ್ನು ನೋಡುತ್ತಾ ಕೂತ ಮೇಲೆ ಹೊಳೆಯಿತು: ಅವು ನಲ್ಲಿ ನೀರು ಬರುವ ದಿನಗಳು. ನಮ್ಮ ಬಡಾವಣೆಗೆ ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ ಮೂರೂವರೆಗೆ. ತೊಟ್ಟಿ ತುಂಬಿ ಹರಿಯುವ ಮುನ್ನ ಎದ್ದು ನಲ್ಲಿ ತಿರುಗಿಸುತ್ತಿದ್ದವಳು ನಾನು. ನಾನು ಕೆಟ್ಟ ತಾಯಿಯೇ ಎಂದು ಆರು ವರ್ಷ ಕೊರಗಿದ್ದೆ. ಬೇಕಾಗಿದ್ದದ್ದು ತೊಟ್ಟಿ ತುಂಬಿದರೆ ತಾನೇ ನೀರು ನಿಲ್ಲಿಸುವ ಒಂದು ತೇಲುಚೆಂಡಿನ ನಲ್ಲಿ. ಮುಂದಿನ ಶನಿವಾರ ಕೊಳಾಯಿಯವರನ್ನು ಕರೆಸಿದೆವು.

ಅದಾದ ಮೇಲೂ ಕೂಗಾಡುತ್ತೇನೆ, ಆದರೆ ಗುರುತುಗಳು ಈಗ ವಾರಕ್ಕೆ ಒಂದೋ ಎರಡೋ. ಆ ಪುಸ್ತಕ ತುಂಬಿ ಮುಂದಿನ ಬದಿಯ ಭಾಗಾಕಾರವನ್ನು ಮುಟ್ಟಿದಾಗ ಮಗಳ ಬಳಿ ಇನ್ನೊಂದು ಕೇಳಿದೆ. ಹಿಂದಿಯದು ಕೊಟ್ಟಳು, ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ. ಯಾಕೆ ಇಷ್ಟೊಂದು ಖಾಲಿ ಎಂದು ಕೇಳುವ ಮುನ್ನ ನಾಲಿಗೆ ಕಚ್ಚಿಕೊಂಡೆ.